ಇಸ್ತ್ರಿ ಅಂಗಿ, ಯಾರ ಮರ್ಯಾದೆ? ಹೊಸದಾಗಿ ಆಯ್ಕೆಯಾದವರಿಗೊಂದು ಬಟ್ಟೆಯ ಕೈಪಿಡಿ

ಫಲಿತಾಂಶ ಬಂದ ಸಂಜೆ ಗುಲಾಲು ಮೆತ್ತಿದ ಅಂಗಿ ಬಿಚ್ಚುವ ಮೊದಲೇ ಮನೆಯವರು ದರ್ಜಿಗೆ ಫೋನ್ ಮಾಡಿರುತ್ತಾರೆ. ಆರು ಬಿಳಿ ಅಂಗಿ, ನಾಲ್ಕು ಧೋತರ, ಎರಡು ವೇಸ್ಟ್‌ಕೋಟು. ಗ್ರಾಮ ಪಂಚಾಯ್ತಿಯಿಂದ ವಿಧಾನಸೌಧದವರೆಗೆ ಪಟ್ಟಿ ಹೆಚ್ಚೂಕಡಿಮೆ ಇದೇ. ಕಾರಣವೂ ಒಂದೇ: ಕುರ್ಚಿಗೆ ಮರ್ಯಾದೆ ಕೊಡಬೇಕಲ್ಲ. ಮರ್ಯಾದೆ ಕುರ್ಚಿಗೋ, ಅದರ ಎದುರು ಅರ್ಜಿ ಹಿಡಿದು ನಿಂತವರಿಗೋ ಎಂಬುದನ್ನು ಬಟ್ಟೆಗೆ ಕತ್ತರಿ ಹಾಕುವ ಮೊದಲೇ ತೀರ್ಮಾನಿಸಿಕೊಂಡರೆ ಅರ್ಧ ತಪ್ಪು ಅಲ್ಲೇ ನಿಲ್ಲುತ್ತವೆ. ಎದುರಿನವರಿಗೆ ಅಂದುಕೊಂಡು ಬರೆದ ಕೈಪಿಡಿ ಇದು. ರಾಯಚೂರಿನ ಬಿಸಿಲು, ಕೊಪ್ಪಳದ ಬೋರ್ ನೀರು, ಎರೆಮಣ್ಣು, ಸಂಡೂರಿನ ಅದಿರಿನ ಧೂಳು ಎಲ್ಲವನ್ನೂ ಲೆಕ್ಕಕ್ಕೆ ಹಿಡಿದಿದೆ.

ನಿಯಮ ಎಲ್ಲಿದೆ, ಎಲ್ಲಿಲ್ಲ

ಸಂವಿಧಾನದ 188ನೇ ವಿಧಿ ಶಾಸಕರು ಪ್ರಮಾಣ ಸ್ವೀಕರಿಸಬೇಕು ಅನ್ನುತ್ತದೆ. ಮೂರನೇ ಅನುಸೂಚಿ ಓದಬೇಕಾದ ಮಾತುಗಳನ್ನೂ ಕೊಟ್ಟಿದೆ. ಏನು ತೊಟ್ಟು ಓದಬೇಕು ಎಂಬ ಮಾತು ಅಲ್ಲಿಲ್ಲ. ಧೋತರ, ಪ್ಯಾಂಟು, ಸೀರೆ, ಚೂಡಿದಾರ, ಪಟಗ ಯಾವುದನ್ನು ತೊಟ್ಟು ಓದಿದರೂ ಪ್ರಮಾಣ ಪ್ರಮಾಣವೇ.

ಬಟ್ಟೆಯ ಮೇಲೆ ಏನಿದೆ ಅನ್ನುವುದಕ್ಕೆ ಮಾತ್ರ ಕಟ್ಟುಪಾಡು ಇದೆ. ಸದನದೊಳಗೆ ಬಾವುಟ, ಚಿಹ್ನೆ ಪ್ರದರ್ಶಿಸಬಾರದು ಎಂದು ಲೋಕಸಭೆಯ 349ನೇ ನಿಯಮ ಹೇಳುತ್ತದೆ. ಹಾಗಾಗಿ ಪಕ್ಷದ ಶಲ್ಯವನ್ನು ಬಾಗಿಲ ಹೊರಗೇ ಮಡಚಿಡುವುದು ಒಳ್ಳೆಯದು. ಮತದಾನದ ದಿನ ಮತಗಟ್ಟೆಯಿಂದ 100 ಮೀಟರ್ ಒಳಗೆ ಪಕ್ಷದ ಗುರುತು ತೋರಿಸುತ್ತ ಓಡಾಡಿದರೆ ಅದು 1951ರ ಪ್ರಜಾಪ್ರತಿನಿಧಿ ಕಾಯ್ದೆಯ 130ನೇ ಕಲಮಿನ ಕೆಳಗೆ ಪ್ರಚಾರವಾಗುತ್ತದೆ. ಸಿಕ್ಕಿಬೀಳುವುದು ಹೆಚ್ಚಾಗಿ ಕೊರಳಲ್ಲಿ ಮರೆತು ಉಳಿದ ಶಲ್ಯದಿಂದಲೇ.

ನ್ಯಾಯಾಲಯಕ್ಕೆ ಹಾಜರಾಗುವ ಅಧಿಕಾರಿಗಳಿಗೆ ಕೋಟಿಲ್ಲ, ಗುಂಡಿ ಹಾಕಿಲ್ಲ ಎಂದು ಬೈಸಿಕೊಳ್ಳುವ ಕಾಟವಿತ್ತು. 2024ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದಕ್ಕೊಂದು ಮೇರೆ ಹಾಕಿತು: ಆ ಅಧಿಕಾರಿಯ ಕಚೇರಿಗೇ ವಸ್ತ್ರಸಂಹಿತೆ ಇದ್ದು ಅದನ್ನು ಮುರಿದಿದ್ದರೆ ಹೊರತು ಉಡುಪಿನ ಬಗ್ಗೆ ಟೀಕೆ ಬೇಡ.

ಇಷ್ಟರ ಆಚೆಗೆ ಎಲ್ಲವೂ ರೂಢಿ. ರೂಢಿ ಮುರಿಯಬಹುದು, ಆದರೆ ಬೆಲೆ ಗೊತ್ತಿರಬೇಕು. 2021ರ ಮಾರ್ಚ್‌ನಲ್ಲಿ ಕರ್ನಾಟಕ ವಿಧಾನಸಭೆಯಲ್ಲಿ ಅಂಗಿ ಬಿಚ್ಚಿ ಪ್ರತಿಭಟಿಸಿದ ಭದ್ರಾವತಿಯ ಶಾಸಕರು ಒಂದು ವಾರ ಅಮಾನತಾದರು. ಅದೇ ವರ್ಷದ ಫೆಬ್ರುವರಿಯಲ್ಲಿ ನ್ಯೂಜಿಲೆಂಡ್ ಸಂಸತ್ತಿನಿಂದ ಮಾವೋರಿ ಸಂಸದ ರಾವಿರಿ ವೈಟಿಟಿ ಅವರನ್ನು ಟೈ ಕಟ್ಟದ ಕಾರಣಕ್ಕೆ ಹೊರಗೆ ಕಳಿಸಿದರು. ಟೈ ಬದಲು ಅವರ ಕೊರಳಲ್ಲಿ ತಮ್ಮ ಬುಡಕಟ್ಟಿನ ಪದಕವಿತ್ತು. ಮರುದಿನವೇ ಟೈ ಕಡ್ಡಾಯ ಹೋಯಿತು. ಅಮೆರಿಕದ ಸೆನೆಟ್‌ನಲ್ಲಿ ಇದರ ತಿರುವುಮುರುವು: 2023ರ ಸೆಪ್ಟೆಂಬರ್‌ನಲ್ಲಿ ಬಟ್ಟೆಯ ಬಿಗಿ ಸಡಿಲಿಸಿದರು, ತಿಂಗಳು ಮುಗಿಯುವುದರೊಳಗೆ ಗಂಡಸರಿಗೆ ಕೋಟು, ಟೈ, ಪ್ಯಾಂಟು ಎಂದು ಸರ್ವಾನುಮತದಿಂದ ಬರೆದಿಟ್ಟರು. ನಾವು ಅಲ್ಲಿಂದ ತೆಗೆದುಕೊಳ್ಳುವಂಥದ್ದು ಹೆಚ್ಚೇನಿಲ್ಲ. 40 ಡಿಗ್ರಿ ದಾಟುವ ಮೇ ತಿಂಗಳಲ್ಲಿ ದೇವದುರ್ಗದ ತಾಲ್ಲೂಕು ಕಚೇರಿಗೆ ಟೈ ಕಟ್ಟಿಕೊಂಡು ಹೋಗುವವರಿಗೆ ಬೇಕಾದದ್ದು ಗೌರವವಲ್ಲ, ನೀರು.

ಬಿಳಿ ಬಟ್ಟೆಯ ಅರ್ಥ ಬದಲಾಗಿದೆ

ರಾಯಚೂರು, ಕೊಪ್ಪಳ 1948ರ ಸೆಪ್ಟೆಂಬರ್‌ವರೆಗೆ ಹೈದರಾಬಾದ್ ಸಂಸ್ಥಾನದಲ್ಲಿದ್ದವು. ನಿಜಾಮರ ದರ್ಬಾರಿಗೆ ಹೋಗುವವರು ತಲೆಗೆ ದಸ್ತಾರ್, ನಡುವಿಗೆ ಬಗ್ಲೂಸ್ ಪಟ್ಟಿ ಕಟ್ಟಲೇಬೇಕಿತ್ತು. ಅಲ್ಲಿ ಬಟ್ಟೆ ತೋರಿಸುತ್ತಿದ್ದದ್ದು ಮೇಲಿನವರಿಗೆ ಸಲ್ಲುವ ವಿಧೇಯತೆಯನ್ನು. ಬಳ್ಳಾರಿ ಮದ್ರಾಸ್ ಪ್ರಾಂತದಲ್ಲಿತ್ತು, 1953ರಲ್ಲಿ ಮೈಸೂರಿಗೆ ಸೇರಿತು. ಬ್ರಿಟಿಷರ ಕಾಲದಲ್ಲಿ ಖಾದಿ ಅಂಗಿ, ಗಾಂಧಿ ಟೊಪ್ಪಿಗೆ ಎಂದರೆ ಆಳುವವರಿಗೆ ಎದುರು ನಿಂತವರ ಬಟ್ಟೆ. 1921ರಲ್ಲಿ ಮಧುರೆಯಲ್ಲಿ ಗಾಂಧೀಜಿ ತುಂಡು ಪಂಚೆಗೆ ಇಳಿದರು, 1931ರಲ್ಲಿ ಅದನ್ನೇ ಉಟ್ಟು ಬಕಿಂಗ್‌ಹ್ಯಾಮ್ ಅರಮನೆಗೂ ಹೋದರು. ಅರಸನ ಎದುರು ನಿಂತರೂ ಅವರ ಬಟ್ಟೆ ತಲೆಬಾಗಿದ್ದು ಊರಿನ ಬಡವನಿಗೆ.

ಈಗ ಅದೇ ಬಿಳಿ ಅಂಗಿ ಕಂಡರೆ ಬಸ್‌ಸ್ಟ್ಯಾಂಡಿನಲ್ಲಿ ಜನ ಸರಿದು ದಾರಿ ಬಿಡುತ್ತಾರೆ. ಬಿಳಿ ಎಂದರೆ ಸರಳತೆ ಎನ್ನುವ ಕಾಲ ಹೋಗಿದೆ, ಬಿಳಿ ಎಂದರೆ ಹಿಂದೊಂದು ಕಾರು, ಪಕ್ಕಕ್ಕೊಬ್ಬ ಆಪ್ತ ಸಹಾಯಕ. ಬಿಳಿ ಉಡಬೇಡಿ ಎಂದಲ್ಲ. ಉಟ್ಟರೆ ಸರಳತೆ ತಾನಾಗಿ ಬರುತ್ತದೆಂದು ನಂಬಬೇಡಿ ಅಷ್ಟೇ.

ಇನ್ನೊಂದು ಮಾತು ಇಲ್ಲೇ ಹೇಳಬೇಕು. ಬಳ್ಳಾರಿ, ರಾಯಚೂರು ಲೋಕಸಭಾ ಕ್ಷೇತ್ರಗಳೆರಡೂ ಪರಿಶಿಷ್ಟ ಪಂಗಡಕ್ಕೆ ಮೀಸಲು. ವಿಧಾನಸಭೆಯಲ್ಲಿ ಮಸ್ಕಿ, ಸಿರುಗುಪ್ಪ, ಸಂಡೂರು ಅದೇ ಮೀಸಲಿನವು, ಲಿಂಗಸೂಗೂರು, ಕನಕಗಿರಿ ಪರಿಶಿಷ್ಟ ಜಾತಿಗೆ. "ಸರಳವಾಗಿರಿ" ಎಂಬ ಉಪದೇಶ ಎಲ್ಲರಿಗೂ ಒಂದೇ ತೂಕದ್ದಲ್ಲ. ಒಳ್ಳೆಯ ಬಟ್ಟೆ ಉಟ್ಟರೆ ಹೊಡೆತ ತಿನ್ನಬೇಕಾಗಿದ್ದ ಕೇರಿಯಿಂದ ಬಂದವರು ಗರಿಗರಿ ಅಂಗಿ ತೊಟ್ಟರೆ ಅದು ಶೋಕಿಯಲ್ಲ. ಅಂಬೇಡ್ಕರ್ ಪ್ರತಿಮೆಗೆ ನೀಲಿ ಸೂಟು ಯಾಕೆ ಎಂದು ಆ ಕೇರಿಯಲ್ಲಿ ಯಾರೂ ಕೇಳುವುದಿಲ್ಲ. ಅಂಥವರಿಗೆ ಈ ಕೈಪಿಡಿಯ ತೊಳೆಯುವ, ಹೊಲಿಸುವ ಭಾಗ ಸಾಕು, ಬುದ್ಧಿಮಾತಿನ ಭಾಗ ಬಿಟ್ಟುಬಿಡಬಹುದು.

ಬಟ್ಟೆ ತರುವುದು, ಹೊಲಿಸುವುದು

ಎಂಟು ತಿಂಗಳಿಗೆ ಹತ್ತಿ, ಉಳಿದ ನಾಲ್ಕಕ್ಕೂ ಹತ್ತಿ. ಟೆರಿಕಾಟ್ ಇಸ್ತ್ರಿ ಕೆಡುವುದಿಲ್ಲ ನಿಜ, ಆದರೆ ಬೆವರು ಹೀರುವುದಿಲ್ಲ, ಮಧ್ಯಾಹ್ನದ ಹೊತ್ತಿಗೆ ವಾಸನೆ ಹೊಡೆಯುತ್ತದೆ, ಪಟಾಕಿಯ ಒಂದು ಕಿಡಿಗೆ ತೂತು ಬೀಳುತ್ತದೆ. ಮೆರವಣಿಗೆಯಲ್ಲಿ ತಿರುಗುವವರಿಗೆ ಈ ಕೊನೆಯದು ಸಣ್ಣ ವಿಷಯವಲ್ಲ.

ಖಾದಿ ತಂದರೆ ಪನ್ನಾ, ಅಂದರೆ ಬಟ್ಟೆಯ ಅಗಲ ನೋಡಿ. 36 ಇಂಚು ಪನ್ನಾದಲ್ಲಿ ಮಧ್ಯಮ ಮೈಕಟ್ಟಿನವರ ತುಂಬು ತೋಳಿನ ಅಂಗಿಗೆ ಎರಡೂವರೆಯಿಂದ ಎರಡೂಮುಕ್ಕಾಲು ಮೀಟರ್ ಬೇಕು. 58 ಇಂಚಿನದಾದರೆ 1.6 ಮೀಟರ್ ಸಾಕು. ಕೈಮಗ್ಗದ ಬಟ್ಟೆ ಮೊದಲ ನೀರಿಗೆ ಕುಗ್ಗುತ್ತದೆ. ಕತ್ತರಿ ಹಾಕುವ ಮೊದಲು ರಾತ್ರಿಯಿಡೀ ತಣ್ಣೀರಲ್ಲಿ ನೆನೆಸಿ, ಹಿಂಡದೆ ನೆರಳಲ್ಲಿ ಒಣಗಿಸಿ ದರ್ಜಿಗೆ ಕೊಡಿ. ಅವಸರಕ್ಕೆ ಇದನ್ನು ಬಿಟ್ಟವರ ಕೊರಳಪಟ್ಟಿ ಎರಡನೇ ಒಗೆತಕ್ಕೆ ಗುಂಡಿ ಹಾಕಲು ಬರುವುದಿಲ್ಲ.

ಧೋತರದ ಉದ್ದ ಉಡುವ ರೀತಿಯ ಮೇಲಿದೆ. ಲುಂಗಿಯಂತೆ ಸುತ್ತುವ ಜೋಡಿ ಪಂಚೆ 8 ಮೊಳ, ಅಂದರೆ 3.6 ಮೀಟರ್ ಚಿಲ್ಲರೆ. ನಮ್ಮ ಕಡೆಯ ಕಚ್ಚೆಗೆ ಅದು ಸಾಲದು, 10 ಮೊಳ, ಸುಮಾರು ನಾಲ್ಕೂವರೆ ಮೀಟರ್ ಇರಬೇಕು. ಅಂಗಡಿಯಲ್ಲಿ "ಪಂಚೆ ಕೊಡಿ" ಎಂದರೆ ದಕ್ಷಿಣದ ಅಳತೆಯದೇ ಕೈಗೆ ಬರುತ್ತದೆ. ಅದರಲ್ಲಿ ಕಚ್ಚೆ ಹಾಕಿದರೆ ಮೀನಖಂಡ ಕಾಣುತ್ತದೆ, ವೇದಿಕೆ ಹತ್ತುವಾಗ ಕಚ್ಚೆ ಜಾರುತ್ತದೆ. ಪಂಚೆ ಉಟ್ಟು ಪ್ರಧಾನಿ ಕುರ್ಚಿವರೆಗೆ ಹೋದ ದೇವೇಗೌಡರು, ಪಂಚೆಯಲ್ಲೇ ಬಜೆಟ್ ಓದಿದ ಸಿದ್ದರಾಮಯ್ಯ ನಾಡಿಗೆ ತೋರಿಸಿಕೊಟ್ಟದ್ದು ಸುತ್ತು ಪಂಚೆಯನ್ನು. ಕಚ್ಚೆ ಹಾಕುವವರು ಅವರನ್ನು ನೋಡಿ ಅಳತೆ ಕೊಡಬೇಡಿ.

ಅಂಗಿಯಲ್ಲಿ ದರ್ಜಿಗೆ ಬಿಡಿಸಿ ಹೇಳಬೇಕಾದವು ಮೂರು.

ಉದ್ದ: ಸಾಮಾನ್ಯ ಅಂಗಿಗಿಂತ ಎರಡು ಇಂಚು ಹೆಚ್ಚು. ಎರಡೂ ಕೈ ಮೇಲೆತ್ತಿ ಕೈಮುಗಿದರೆ, ಧ್ವಜದ ಹಗ್ಗ ಎಳೆದರೆ ಅಂಗಿ ಎರಡು-ಮೂರು ಇಂಚು ಮೇಲೇರುತ್ತದೆ. ಪತ್ರಿಕೆಯ ಛಾಯಾಗ್ರಾಹಕ ಒತ್ತುವುದು ಅದೇ ಕ್ಷಣಕ್ಕೆ. ಕನ್ನಡಿ ಮುಂದೆ ಕೈಯೆತ್ತಿ ನೋಡಿಯೇ ದರ್ಜಿಗೆ ದುಡ್ಡು ಕೊಡಿ.

ಎದೆಯ ಜೇಬು: ಒಳಗೊಂದು ಪದರ ಬಟ್ಟೆ ಕೊಡಿಸಿ. ತೆಳು ಬಿಳಿ ಜೇಬಿನಿಂದ ಐನೂರರ ನೋಟುಗಳು ಇಣುಕಿದರೆ ಉಳಿದ ಸರಳತೆಯೆಲ್ಲ ವ್ಯರ್ಥ.

ಮನವಿ ಜೇಬು: ಇದು ಎಲ್ಲಕ್ಕಿಂತ ಮುಖ್ಯ, ಯಾರೂ ಹೊಲಿಸದ್ದೂ ಇದೇ. ಎ4 ಹಾಳೆಯನ್ನು ನಾಲ್ಕು ಮಡಿಕೆ ಮಾಡಿದರೆ 10.5 ಸೆಂಟಿಮೀಟರ್ ಅಗಲ, 15 ಸೆಂಟಿಮೀಟರ್ ಉದ್ದ ಆಗುತ್ತದೆ. ಮಾಮೂಲಿ ಎದೆ ಜೇಬಿನಲ್ಲಿ ಅದು ಅರ್ಧ ಹೊರಗೆ ನಿಲ್ಲುತ್ತದೆ, ಹೂವಿನ ಹಾರ ಬಿದ್ದ ಕೂಡಲೇ ನೆನೆದು ಶಾಯಿ ಕದಡುತ್ತದೆ. ಅಂಗಿಯ ಬದಿಯಲ್ಲಿ ಅಥವಾ ವೇಸ್ಟ್‌ಕೋಟಿನ ಒಳಗೆ 13 ಸೆಂಟಿಮೀಟರ್ ಅಗಲ, 17 ಸೆಂಟಿಮೀಟರ್ ಆಳದ ಜೇಬು ಹೊಲಿಸಿ. ಮೂರು ದಿನ ಕೆಲಸ ಬಿಟ್ಟು, ಜೆರಾಕ್ಸಿಗೆ ದುಡ್ಡು ಕೊಟ್ಟು ಬರೆಸಿದ ಅರ್ಜಿಯನ್ನು ನೀವು ಎದುರಿಗೇ ಮಡಚಿ ನಿಮ್ಮ ಜೇಬಿಗೆ ಇಟ್ಟುಕೊಂಡರೆ ಆ ಮನುಷ್ಯನ ಮುಖದಲ್ಲಿ ಆಗುವ ಬದಲಾವಣೆ ಬೇರೆ. ಅದನ್ನು ನೋಡದೆ ಹಿಂದಿನವರ ಕೈಗೆ ದಾಟಿಸಿದರೆ ಆಗುವ ಬದಲಾವಣೆಯೂ ಬೇರೆ.

ಬೆಳಗಾವಿಯ ಚಳಿಗಾಲದ ಅಧಿವೇಶನಕ್ಕೆ ಒಂದು ಉಣ್ಣೆಯ ವೇಸ್ಟ್‌ಕೋಟು ಸಾಕು. ಜೀನ್ಸ್ ಬಗ್ಗೆಯೂ ಒಂದು ಮಾತು: ಬಳ್ಳಾರಿಯ ಓಣಿ ಓಣಿಯಲ್ಲಿ ಹೊಲಿಗೆ ಯಂತ್ರ ತಿರುಗುವುದು ಜೀನ್ಸ್‌ಗಾಗಿ. ಆ ಊರಿನ ಪ್ರತಿನಿಧಿ ಜೀನ್ಸ್ ತೊಟ್ಟು ಸಭೆಗೆ ಬಂದರೆ "ಗಾಂಭೀರ್ಯ ಇಲ್ಲ" ಅನ್ನುವುದು ತಮಾಷೆಯಾಗಿದೆ. ತೊಡುವುದಾದರೆ ಗಾಢ ನೀಲಿ, ತೂತು ಗೀರು ಇಲ್ಲದ್ದು, ಮೇಲೆ ಹತ್ತಿಯ ಅಂಗಿ.

ಒಗೆಯುವುದು ಮತ್ತು ಗಂಜಿ

ಇಲ್ಲಿ ತಪ್ಪುವವರೇ ಹೆಚ್ಚು. ಬೋರ್ ನೀರು ಗಡುಸು. ಸಾಬೂನು ನೊರೆಯಾಗದೆ ಜಿಡ್ಡಾಗಿ ನೂಲಿಗೆ ಹತ್ತುತ್ತದೆ, ನಾಲ್ಕು ಒಗೆತಕ್ಕೆ ಬಿಳಿ ಬೂದಿಯಾಗುತ್ತದೆ. ಒಂದು ಬಕೆಟ್ ನೀರಿಗೆ ಎರಡು ದೊಡ್ಡ ಚಮಚ ಒಗೆಯುವ ಸೋಡಾ ಮೊದಲು ಕರಗಿಸಿ, ಆಮೇಲೆ ಪುಡಿ ಹಾಕಿ. ನದಿ ಅಥವಾ ಕಾಲುವೆ ನೀರು ನಲ್ಲಿಯಲ್ಲಿ ಬರುವ ದಿನ ಬಿಳಿ ಬಟ್ಟೆಗೆಂದೇ ಎರಡು ಬಕೆಟ್ ಹಿಡಿದಿಟ್ಟುಕೊಳ್ಳಿ.

ಕೆಲವು ಬೋರ್‌ಗಳ ನೀರಲ್ಲಿ ಕಬ್ಬಿಣದ ಅಂಶ ಇರುತ್ತದೆ. ಅಂಥ ನೀರಿಗೆ ಬ್ಲೀಚಿಂಗ್ ಹಾಕಿದರೆ ಕರಗಿದ್ದ ಕಬ್ಬಿಣ ತುಕ್ಕಾಗಿ ಬಟ್ಟೆಯ ಮೇಲೆ ಕೂರುತ್ತದೆ. ಕಂದು ಚುಕ್ಕೆ ಕಂಡು ಇನ್ನಷ್ಟು ಬ್ಲೀಚಿಂಗ್ ಸುರಿದರೆ ಇನ್ನಷ್ಟು ಚುಕ್ಕೆ. ನಿಂಬೆರಸ, ಉಪ್ಪು ಕಲೆಸಿ ಚುಕ್ಕೆಗೆ ಹಚ್ಚಿ ಬಿಸಿಲಿಗೆ ಇಟ್ಟು, ತಾಸಿನ ಮೇಲೆ ಚೆನ್ನಾಗಿ ಜಾಲಿಸಿ. ಸಂಡೂರಿನ ಕಡೆ ತಿರುಗಿ ಬಂದ ಅಂಗಿಯ ಕೆಂಪು ಧೂಳಿಗೆ ಇದು ಬೇಕಿಲ್ಲ, ಆದರೆ ನೀರು ತಾಗಿಸುವ ಮೊದಲು ಒಣಗಿದ್ದಾಗಲೇ ಕೊಡವಿ, ಮೆತ್ತನೆ ಬ್ರಷ್ ಆಡಿಸಬೇಕು. ಒದ್ದೆಯಾದ ಅದಿರಿನ ಧೂಳು ನೂಲಿನ ಸಂದಿಗೆ ಇಳಿದರೆ ಹೊರಗೆ ಬರುವುದಿಲ್ಲ. ಗುಲಾಲಿಗೂ ಇದೇ ಕ್ರಮ.

ಭಂಡಾರ, ಅರಿಶಿನದ ಕಲೆಗೆ ಸಾಬೂನು ಹಚ್ಚಿದ ಕೂಡಲೇ ಅದು ಕೆಂಪಾಗುತ್ತದೆ. ಮನೆಯವರು ಹೆದರಿ ಗಸಗಸ ತಿಕ್ಕಿ ಬಟ್ಟೆ ಹರಿಯುತ್ತಾರೆ. ಸೋಡಾ, ಸಾಬೂನಿನ ಕ್ಷಾರಕ್ಕೆ ಅರಿಶಿನ ಬಣ್ಣ ತಿರುಗುವುದು ಅದರ ಗುಣ. ಜಾಲಿಸಿ, ಉಳಿದ ಹಳದಿಯನ್ನು ಬಿಸಿಲಿಗೆ ಬಿಡಿ. ರಾಯಚೂರಿನ ಬಿಸಿಲು ಎರಡು ದಿನದಲ್ಲಿ ಅದನ್ನು ತಿಂದುಹಾಕುತ್ತದೆ. ನೀಲಿ ಹಾಕುವುದಾದರೆ ಅರ್ಧ ಬಕೆಟ್ ನೀರಿಗೆ ನಾಲ್ಕೈದು ಹನಿ, ನೀರಲ್ಲಿ ಕಲಕಿದ ಮೇಲೆಯೇ ಬಟ್ಟೆ ಅದ್ದುವುದು.

ಗಂಜಿಯ ಲೆಕ್ಕ ಹೀಗೆ. ನಾಲ್ಕು ಅಂಗಿ, ಎರಡು ಧೋತರಕ್ಕೆ 50 ಗ್ರಾಂ ಸಾಬುದಾನಿ. ಒಂದು ತಾಸು ನೆನೆಸಿ, ಒಂದು ಲೀಟರ್ ನೀರಲ್ಲಿ ಕಾಳು ಪಾರದರ್ಶಕವಾಗಿ ಕರಗುವವರೆಗೆ ಕೈಯಾಡಿಸುತ್ತ ಕುದಿಸಿ. ತೆಳು ಬಟ್ಟೆಯಲ್ಲಿ ಸೋಸಿ, ಆರಿದ ಮೇಲೆ ಐದು ಲೀಟರ್ ನೀರಿಗೆ ಬೆರೆಸಿ. ಒಗೆದ ಬಟ್ಟೆ ಒದ್ದೆ ಇರುವಾಗಲೇ ಒಳಮೈ ಹೊರಗೆ ಮಾಡಿ ಅದ್ದಿ, ಹಗುರಾಗಿ ಹಿಂಡಿ ಹರವಿ. ಪೂರಾ ಒಣಗುವ ಮೊದಲು ತೆಗೆದರೆ ಇಸ್ತ್ರಿ ಸುಲಭ. ಒಣಗಿಹೋದರೆ ನೀರು ಚಿಮುಕಿಸಿ ಸುರುಳಿ ಸುತ್ತಿ ಅರ್ಧ ತಾಸು ಬಿಡಿ. ಇಸ್ತ್ರಿ ಪೆಟ್ಟಿಗೆಗೆ ಬಿಳಿ ಹಕ್ಕಳೆ ಅಂಟಿದರೆ ಗಂಜಿ ದಪ್ಪವಾಗಿದೆ ಅಥವಾ ಸೋಸಿಲ್ಲ. ಕಂದು ಬಣ್ಣ ಬಂದರೆ ಕಾವು ಹೆಚ್ಚು, ಸುಟ್ಟಿರುವುದು ನೂಲಲ್ಲ, ಗಂಜಿ. ತಣ್ಣೀರಲ್ಲಿ ನೆನೆಸಿದರೆ ಹೋಗುತ್ತದೆ. ಟೆರಿಕಾಟಿಗೆ ಗಂಜಿ ಹಿಡಿಯುವುದಿಲ್ಲ, ಪಟ್ಟೆ ಪಟ್ಟೆ ಬಿಳುಪು ಮೂಡುತ್ತದೆ.

ಮಾರ್ಚ್‌ನಿಂದ ಜೂನ್‌ವರೆಗೆ ಈ ಗಂಜಿಯನ್ನು ಅರ್ಧ ಮಾಡಿ. ಗಂಜಿ ನೂಲಿನ ನಡುವಿನ ಗಾಳಿ ದಾರಿಯನ್ನು ಮುಚ್ಚುತ್ತದೆ, ಬೆವರು ಬಿದ್ದಲ್ಲಿ ಅಂಟಂಟಾಗುತ್ತದೆ. ಕೊರಳಪಟ್ಟಿ ಬಿರುಸಾಗಿದ್ದರೆ ಎದೆಗೆ ಸಿಕ್ಕಿಸುವ ಮೈಕಿಗೆ ತಾಗಿ ಕರಕರ ಸದ್ದು ಬರುತ್ತದೆ. ಎತ್ತಿಡುವ ಬಟ್ಟೆಗೆ ಗಂಜಿ ಇರಲೇಬಾರದು, ಮಳೆಗಾಲದಲ್ಲಿ ಬೂಷ್ಟು ಹಿಡಿಯುತ್ತದೆ, ಹುಳ ಬರುತ್ತದೆ.

ಯಾವ ಹೊತ್ತಿಗೆ ಏನು

ಧ್ವಜಾರೋಹಣ. ನಮ್ಮಲ್ಲಿ ಆಗಸ್ಟ್ 15, ಜನವರಿ 26, ನವೆಂಬರ್ 1ರ ಜೊತೆಗೆ ಸೆಪ್ಟೆಂಬರ್ 17ರ ಕಲ್ಯಾಣ ಕರ್ನಾಟಕ ಉತ್ಸವವೂ ಇದೆ. ಬೆಳಗಿನ ಬಿಸಿಲು ಬೆನ್ನ ಹಿಂದಿನಿಂದ ಬಿದ್ದರೆ ತೆಳು ಮಲ್ಲಿನ ಬಟ್ಟೆಯೊಳಗಿನದೆಲ್ಲ ಕಾಣುತ್ತದೆ. ಹಿಂದಿನ ದಿನವೇ ಮೊಬೈಲ್ ಟಾರ್ಚ್ ಹಿಂದೆ ಹಿಡಿಸಿ ಪರೀಕ್ಷಿಸಿ. ಎದೆಗೆ ಧ್ವಜದ ಪಿನ್ನು ಚುಚ್ಚಿದರೆ ಕೇಸರಿ ಮೇಲಿರಬೇಕು. ಮುಖ್ಯ ಎಚ್ಚರ ಬೇರೆ ಇದೆ: ಚಕ್ರವಿರುವ ತ್ರಿವರ್ಣ ಶಲ್ಯ ಹೊದ್ದು ಅದರಲ್ಲೇ ಬೆವರು ಒರೆಸಿಕೊಳ್ಳುವುದು. ರಾಷ್ಟ್ರಧ್ವಜವನ್ನು ಸೊಂಟದ ಕೆಳಗಿನ ಉಡುಪಾಗಿ ಬಳಸುವುದು, ಕರವಸ್ತ್ರ, ಉಡುಪಿನ ಬಟ್ಟೆಯ ಮೇಲೆ ಅಚ್ಚು ಹಾಕುವುದು 1971ರ ರಾಷ್ಟ್ರ ಗೌರವ ಕಾಯ್ದೆಯಂತೆ ಅಪರಾಧ. ಬೆವರಿಗೆ ಬೇರೆ ಟವೆಲ್ಲು ಇಟ್ಟುಕೊಳ್ಳಿ. ಸೆಲ್ಯೂಟ್ ಸಮವಸ್ತ್ರದವರಿಗೆ, ಉಳಿದವರು ಧ್ವಜಕ್ಕೆ ಮುಖಮಾಡಿ ನೆಟ್ಟಗೆ ನಿಂತರೆ ಸಾಕು. ಪಟಗ, ಟೊಪ್ಪಿಗೆ ತೆಗೆಯಬೇಕಿಲ್ಲ. ಟೋಪಿ ತೆಗೆದು ಗೌರವ ತೋರಿಸುವುದು ಬೇರೆ ದೇಶದ ರೂಢಿ, ನಮ್ಮ ಹಿರಿಯರು ಬರಿದಲೆಯಲ್ಲಿ ಎದುರು ಬರುವುದನ್ನೇ ಅಗೌರವ ಎನ್ನುತ್ತಿದ್ದರು.

ಸನ್ಮಾನ. 2021ರ ಆಗಸ್ಟ್‌ನಲ್ಲಿ ಸರ್ಕಾರಿ ಸಮಾರಂಭಗಳಲ್ಲಿ ಹಾರ, ಶಾಲು, ಹಣ್ಣಿನ ಬುಟ್ಟಿ ಬೇಡ, ಕನ್ನಡ ಪುಸ್ತಕ ಕೊಡಿ ಎಂದು ಬಸವರಾಜ ಬೊಮ್ಮಾಯಿ ಸರ್ಕಾರ ಹೇಳಿತು. 2023ರ ಮೇನಲ್ಲಿ ಸಿದ್ದರಾಮಯ್ಯ ಅವರೂ ಹಾರ, ಶಾಲು ಬೇಡ, ಪುಸ್ತಕ ಸಾಕು ಎಂದರು. ಕ್ರೇನಿನಲ್ಲಿ ತೂಗುವ ಸೇಬಿನ ಹಾರ ಇದನ್ನು ಓದಿದಂತಿಲ್ಲ. ಕುರಿಗಾಹಿಗಳು ಹೊದಿಸುವ ಕಂಬಳಿ, ಊರ ಹಿರಿಯರು ಕಟ್ಟುವ ಪಟಗ ಮಾತ್ರ ಈ ಲೆಕ್ಕಕ್ಕೆ ಸೇರುವುದಿಲ್ಲ. ಎಷ್ಟೇ ಸೆಕೆ ಇದ್ದರೂ ವೇದಿಕೆ ಇಳಿಯುವವರೆಗೆ ತೆಗೆಯಬೇಡಿ. ಫೋಟೊ ಆದ ಮರುಗಳಿಗೆ ಕಂಬಳಿ ಆಪ್ತ ಸಹಾಯಕನ ಬಗಲಿಗೆ ಹೋಗುವುದನ್ನು ಹೊದಿಸಿದವರು ನೋಡುತ್ತಲೇ ಇರುತ್ತಾರೆ.

ಬೆಳೆಹಾನಿ, ಪ್ರವಾಹ. ಬಿಳಿ ಬೇಡ. 2016ರ ಆಗಸ್ಟ್‌ನಲ್ಲಿ ಮಧ್ಯಪ್ರದೇಶದ ಮುಖ್ಯಮಂತ್ರಿಯನ್ನು ಪೊಲೀಸರು ನೀರಿನ ಮೇಲೆ ಎತ್ತಿಕೊಂಡು ಹೋದ ಚಿತ್ರದಲ್ಲಿ ಎದ್ದು ಕಂಡದ್ದು ಒಂದು ಹನಿ ಕೆಸರಿಲ್ಲದ ಬಿಳಿ ಬಟ್ಟೆ. ಮಣ್ಣುಬಣ್ಣದ ಅಂಗಿ, ಮೊಣಕಾಲವರೆಗೆ ಮಡಚಲು ಬರುವ ಪ್ಯಾಂಟು ಅಥವಾ ಗಿಡ್ಡ ಕಚ್ಚೆ, ಹಿಂದೆ ಪಟ್ಟಿ ಇರುವ ರಬ್ಬರ್ ಚಪ್ಪಲಿ. ಮಳೆ ಬಿದ್ದ ಎರೆಹೊಲದಲ್ಲಿ ಬೂಟು ಹಾಕಿದರೆ ಪ್ರತಿ ಹೆಜ್ಜೆಗೆ ಅಂಗಾಲಿನಡಿ ಒಂದೊಂದು ಹೆಂಟೆ ಸೇರಿ ಹತ್ತು ಮಾರು ನಡೆಯಲಾಗುವುದಿಲ್ಲ, ಅಲ್ಲಿ ಬರಿಗಾಲೇ ಸರಿ. ಲೇಸಿನ ಬೂಟು ಎಲ್ಲಿಗೂ ಬೇಡ: ದಿನಕ್ಕೆ ಹತ್ತು ಮನೆಯ ಹೊಸ್ತಿಲು ದಾಟುವವರು ಬಗ್ಗಿ ಬಗ್ಗಿ ಸಾಕಾಗಿ ಕೊನೆಗೆ ಇನ್ನೊಬ್ಬರ ಕೈಯಲ್ಲಿ ಲೇಸು ಕಟ್ಟಿಸಿಕೊಳ್ಳುತ್ತಾರೆ. ಆ ಒಂದು ಫೋಟೊ ಐದು ವರ್ಷ ತಿರುಗುತ್ತದೆ. ಕಾರಲ್ಲಿ ಇನ್ನೊಂದು ಜೊತೆ ಬಟ್ಟೆ ಇರಲಿ, ಆದರೆ ಹಳ್ಳಿ ಹಳ್ಳಿಗೆ ಬದಲಿಸಬೇಡಿ. 2008ರ ಸೆಪ್ಟೆಂಬರ್ 13ರಂದು ದೆಹಲಿಯಲ್ಲಿ ಬಾಂಬ್ ಸಿಡಿದ ಸಂಜೆ ಕೇಂದ್ರ ಗೃಹ ಸಚಿವರಾಗಿದ್ದ ಶಿವರಾಜ್ ಪಾಟೀಲರು ಮೂರು ಸಲ ಬಟ್ಟೆ ಬದಲಿಸಿದರೆಂಬ ಟೀಕೆ ಅವರನ್ನು ಬಿಡಲಿಲ್ಲ. ಬಟ್ಟೆ ಒಂದೊಂದೂ ಅಚ್ಚುಕಟ್ಟಾಗಿತ್ತು, ಜನ ಸಿಟ್ಟಾದದ್ದು ಆ ಅಚ್ಚುಕಟ್ಟಿಗೇ.

ಸಾವಿನ ಮನೆ. ಗಂಜಿ ಇಲ್ಲದ, ಒಂದು ಸಲವಾದರೂ ಒಗೆದ ಬಟ್ಟೆ. ಅತ್ತರು ಬೇಡ, ಕೊರಳಲ್ಲಿ ಹಾರ ಉಳಿದಿದ್ದರೆ ಓಣಿಯ ತುದಿಯಲ್ಲೇ ತೆಗೆಯಿರಿ. ನೆಲಕ್ಕೆ ಕೂರುವಂತಿರಬೇಕು. ಬಿಗಿ ಪ್ಯಾಂಟಿನವರಿಗೆ ಯಾರಾದರೂ ಕುರ್ಚಿ ಹುಡುಕಿ ತರುತ್ತಾರೆ, ಸತ್ತವರ ತಾಯಿ ನೆಲದಲ್ಲಿ, ನೀವು ಕುರ್ಚಿಯಲ್ಲಿ.

ಸದಸ್ಯೆಯರಿಗೆ

ಪಂಚಾಯ್ತಿಗಳಲ್ಲಿ ಅರ್ಧ ಸ್ಥಾನ ಹೆಣ್ಣುಮಕ್ಕಳಿಗಿದೆ, ಬಟ್ಟೆಯ ಮೇಲೆ ಕಣ್ಣು ಅವರಿಗೇ ಜಾಸ್ತಿ. ಕೊಪ್ಪಳ ಜಿಲ್ಲೆಯ ಕುಷ್ಟಗಿಯ ನೆರೆಯಲ್ಲೇ ಇಳಕಲ್ಲು. ಇಳಕಲ್ಲ ಸೀರೆಯ ಒಡಲು ಹತ್ತಿಯದಾದರೆ ಸೆಕೆಗೂ ಒಳ್ಳೆಯದು, ಟೋಪ್ ತೆನೆ ಸೆರಗು ದೂರದಿಂದಲೂ ಗುರುತು ಸಿಗುತ್ತದೆ. ಕೆಂಪು ಸೆರಗು ಮೊದಮೊದಲು ಬಣ್ಣ ಬಿಡಬಹುದು, ತಣ್ಣೀರಲ್ಲಿ ಬೇರೆ ಬಕೆಟ್‌ನಲ್ಲಿ ಜಾಲಿಸಿ. ಮೈಕು ಸೆರಗಿಗೆ ಸಿಕ್ಕಿಸಿದರೆ ಭಾರಕ್ಕೆ ಜಾರುತ್ತದೆ, ಭುಜದ ಪಿನ್ನಿನ ಹತ್ತಿರ ಎರಡು ಪದರ ಸೇರಿಸಿ ಸಿಕ್ಕಿಸಿ.

ಸೀರೆಗೆ ಜೇಬಿಲ್ಲ. ಇದು ಸಣ್ಣ ಮಾತಲ್ಲ. ಪೆನ್ನು, ಕನ್ನಡಕ, ಮೊಹರು, ಮೊಬೈಲ್ ಗಂಡನ ಜೇಬಿಗೆ ಹೋಗುವುದು ಅಲ್ಲಿಂದಲೇ ಶುರು, ಹಿಂದೆಯೇ ಸಹಿಯ ಪುಸ್ತಕವೂ ಹೋಗುತ್ತದೆ. ಎ4 ಹಾಳೆ ಎರಡು ಮಡಿಕೆಯಲ್ಲಿ ಕೂರುವ, ಅಂದರೆ 18 ಸೆಂಟಿಮೀಟರ್ ಅಗಲ, 24 ಸೆಂಟಿಮೀಟರ್ ಎತ್ತರದ, ಜಿಪ್ಪಿರುವ ಹೆಗಲ ಚೀಲ ಹೊಲಿಸಿಕೊಳ್ಳಿ. ಗುಳೇದಗುಡ್ಡದ ಖಣ, ಅಂದರೆ ಕುಪ್ಪಸದ ಬಟ್ಟೆಯದ್ದಾದರೆ ಚೆಂದವೂ ಹೌದು.

ಬಾಗಿಲಿಗೆ ಬಂದವರ ಬಟ್ಟೆ

ನಿಮ್ಮ ಬಟ್ಟೆಗೆ ನಿಯಮ ಹಾಕಿಕೊಳ್ಳಿ, ಅರ್ಜಿ ತಂದವರಿಗೆ ಹಾಕಬೇಡಿ. 2024ರ ಫೆಬ್ರುವರಿಯಲ್ಲಿ ಬಟ್ಟೆ ಕೊಳೆಯಾಗಿದೆ ಎಂದು ರೈತರೊಬ್ಬರನ್ನು ಬೆಂಗಳೂರಿನ ಮೆಟ್ರೊ ನಿಲ್ದಾಣದಲ್ಲಿ ತಡೆದರು. ಅದೇ ಜುಲೈನಲ್ಲಿ ಪಂಚೆ ಉಟ್ಟ ಹಿರಿಯರೊಬ್ಬರನ್ನು ಒಂದು ಮಾಲ್ ಒಳಗೆ ಬಿಡಲಿಲ್ಲ, ಸರ್ಕಾರ ಅದನ್ನು ಒಂದು ವಾರ ಮುಚ್ಚಿಸಿತು. ತಮಿಳುನಾಡು ಇಂಥದ್ದಕ್ಕೆಂದೇ 2014ರಲ್ಲಿ ಕಾಯ್ದೆ ಮಾಡಿದೆ. ನಿಮ್ಮ ಕಚೇರಿಯಲ್ಲಿ ತಡೆಯುವವರು ಬೇಕಾಗಿಲ್ಲ, ಕುರ್ಚಿಗಳೇ ತಡೆಯುತ್ತವೆ. ಬಿಳಿ ಗವಸು ಹಾಕಿದ ಕುರ್ಚಿ ಕಂಡರೆ ಹೊಲದಿಂದ ಬಂದವರು ಕೊಳೆ ಆದೀತೆಂದು ಗೋಡೆಗೆ ಒರಗಿ ನಿಲ್ಲುತ್ತಾರೆ, "ಕೂಡ್ರಿ ಕಾಕಾ" ಎಂದು ನಾಲ್ಕು ಸಲ ಕರೆದರೂ ತುದಿಯಲ್ಲಿ ಕೂರುತ್ತಾರೆ.

ಮೊದಲ ದಿನವೇ ಎದುರಿನ ಕುರ್ಚಿಗಳ ಗವಸು ತೆಗೆಸಿ. ಮರದವು ಅಥವಾ ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಸ್ವಚ್ಛವಾಗುವ ಗಾಢ ಬಣ್ಣದ ರೆಕ್ಸಿನ್‌ನವು ಇರಲಿ, ನಿಮ್ಮದರಷ್ಟೇ ಎತ್ತರದವು. ಬಾಗಿಲ ಬಳಿ ಗಟ್ಟಿ ನಾರಿನ ಕಾಲೊರೆಸು ಇರಲಿ, ಒಳಗೆ ಕೆಂಪು ನೆಲಹಾಸು ಇದ್ದರೆ ಸುತ್ತಿಡಿಸಿ. ನಿಮ್ಮ ಕುರ್ಚಿಯ ಬೆನ್ನಿಗೆ ಹೊದಿಸಿದ ಬಿಳಿ ಟವೆಲ್ಲನ್ನು ತೆಗೆದು ಕೈತೊಳೆಯುವ ತೊಟ್ಟಿಯ ಪಕ್ಕ ನೇತುಹಾಕಿ, ಅಲ್ಲಿ ಅದು ಯಾರ ಕೈಗಾದರೂ ಸಿಗುತ್ತದೆ.